ಡಯಾಲಿಸಿಸ್‌ನಲ್ಲಿರುವ ಹಿರಿಯರು: ನೀರಿಗೂ ಮೊದಲು ಉಪ್ಪು ಅಳೆಯಿರಿ

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಯಲ್ಲಿ ಈ ಗಾದೆ ಅಕ್ಷರ ಅಕ್ಷರ ನಿಜ. ನಮ್ಮಪ್ಪನಿಗೂ ನಾವು ದಿನಕ್ಕೆ ಹತ್ತು ಸಲ "ನೀರು ಸಾಕು" ಅನ್ನುತ್ತಿದ್ದೆವು. ಆದರೆ ಊಟಕ್ಕೆ ಉಪ್ಪಿನಕಾಯಿ ಬಡಿಸುತ್ತಲೇ ಇದ್ದೆವು. ಬಾಯಾರಿದವರನ್ನು ಬೈದು ಪ್ರಯೋಜನವಿಲ್ಲ.

ಹಾಗಾಗಿ ಉಪ್ಪಿನಿಂದಲೇ ಶುರು ಮಾಡಿ. ಇಡೀ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಜಾಸ್ತಿ ಬೇಡ. ಬೆಳಿಗ್ಗೆಯೇ ಪುಟ್ಟ ಬಟ್ಟಲಿಗೆ ಅಳೆದಿಡಿ. ಅವರ ಅಡುಗೆಗೆ ಅದರಿಂದಲೇ ಹಾಕಿ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಬೇಕರಿ ಖಾರ ದೂರವಿರಲಿ. ರುಚಿಗೆ ಒಗ್ಗರಣೆ, ಕಾಳುಮೆಣಸು, ಸ್ವಲ್ಪ ನಿಂಬೆರಸ ಸಾಕು. ಅಂಗಡಿಯ 'ಲೋ ಸೋಡಿಯಂ' ಉಪ್ಪು ಮಾತ್ರ ತರಬೇಡಿ. ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ, ಇವರ ಹೃದಯಕ್ಕೆ ಅಪಾಯ.

ಆಮೇಲೆ ನೀರಿನ ಲೆಕ್ಕ. 24 ಗಂಟೆಯಲ್ಲಿ ಎಷ್ಟು ಮೂತ್ರ ಬರುತ್ತದೋ ಅದಕ್ಕೆ ಅರ್ಧ ಲೀಟರ್ ಸೇರಿಸಿ. 200 ಮಿಲಿ ಬಂದರೆ ಒಟ್ಟು 700 ಮಿಲಿ. ನಿಮ್ಮ ಡಾಕ್ಟರು ಬೇರೆ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಿ. ಕಾಫಿ, ಸಾರು, ಮಜ್ಜಿಗೆ, ಗಂಜಿ, ಮಾತ್ರೆಗೆ ಕುಡಿಯುವ ಗುಟುಕು ಎಲ್ಲವೂ ಇದರೊಳಗೇ. ಬಾಟಲಿಯಲ್ಲಿ ಅಷ್ಟು ನೀರು ತುಂಬಿಡಿ. ಒಂದು ಲೋಟ ಕಾಫಿ ಕೊಟ್ಟರೆ ಒಂದು ಲೋಟ ನೀರು ತೆಗೆದುಬಿಡಿ. ಬಾಯಿ ಒಣಗಿದರೆ ಮುಕ್ಕಳಿಸಿ ಉಗುಳಲಿ. ಸಕ್ಕರೆ ಕಾಯಿಲೆಯಿದ್ದರೆ ಶುಗರ್ ಏರಿದಾಗಲೂ ದಾಹ ಹೆಚ್ಚುತ್ತದೆ, ಅದನ್ನೂ ನೋಡಿ.

ತೂಕ ದಿನವೂ ನೋಡಬೇಕು. ಬೆಳಿಗ್ಗೆ ಕಾಫಿಗೆ ಮೊದಲು, ಅದೇ ತೂಕದ ಯಂತ್ರದಲ್ಲಿ. ರಾತ್ರಿ ಕಳೆಯುವಷ್ಟರಲ್ಲಿ ಒಂದು ಕೆಜಿ ಏರಿದರೆ ಅದು ಕೊಬ್ಬಲ್ಲ, ಒಂದು ಲೀಟರ್ ನೀರು. 50 ಕೆಜಿಯವರಿಗೆ ಎರಡು ಡಯಾಲಿಸಿಸ್ ನಡುವೆ 2 ಕೆಜಿಯೊಳಗೆ ಇದ್ದರೆ ಒಳ್ಳೆಯದು. 4 ಕೆಜಿ ಏರಿದರೆ ಡಯಾಲಿಸಿಸ್ ಯಂತ್ರ ನಾಲ್ಕೇ ಗಂಟೆಯಲ್ಲಿ ಅಷ್ಟನ್ನೂ ಎಳೆಯಬೇಕು. ವಯಸ್ಸಾದ ರಕ್ತನಾಳಗಳು ಅದನ್ನು ತಾಳುವುದಿಲ್ಲ, ಬಿಪಿ ಕುಸಿಯುತ್ತದೆ. ನಡುವೆ ಎರಡು ದಿನ ಬಿಡುವು ಬರುವ ವಾರಾಂತ್ಯದಲ್ಲಿ ಇನ್ನೂ ಜಾಗ್ರತೆ.

ಹೆಚ್ಚಿನವರು ಗಮನಿಸದ ಒಂದು ವಿಷಯವಿದೆ. ಹಸಿವು ಕಡಿಮೆಯಾಗಿ ಮೈ ಸೊರಗಿದರೆ, ಸೊರಗಿದ ಜಾಗವನ್ನು ನೀರು ತುಂಬಿಕೊಳ್ಳುತ್ತದೆ. ತೂಕ ಮಾತ್ರ ಮೊದಲಿನಷ್ಟೇ ತೋರಿಸುತ್ತದೆ. ಕಾಲು ಊದಿದೆಯೇ, ಮಲಗಿದರೆ ಉಸಿರು ಕಟ್ಟುತ್ತದೆಯೇ ನೋಡಿ. 'ಡ್ರೈ ವೇಟ್' (ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗಿನ ತೂಕ) ಹೊಸದಾಗಿ ನಿಗದಿ ಮಾಡಿ ಎಂದು ಡಾಕ್ಟರನ್ನು ನೀವೇ ಕೇಳಿ.

ಬಿಪಿಯನ್ನು ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರುವ ಕೈಯಲ್ಲಿ ನೋಡಲೇಬಾರದು. ಐದು ನಿಮಿಷ ಕೂರಿಸಿ, ಇನ್ನೊಂದು ಕೈಯಲ್ಲಿ ನೋಡಿ ಬರೆದಿಡಿ. ಡಯಾಲಿಸಿಸ್ ದಿನ ಬಿಪಿ ಮಾತ್ರೆ ಮೊದಲೋ ಆಮೇಲೋ? ಡಾಕ್ಟರು ಹೇಳಿದಂತೆ ಮಾಡಿ, ನೀವೇ ನಿಲ್ಲಿಸಬೇಡಿ. ಯಂತ್ರದ ಮೇಲಿರುವಾಗ ಹೊಟ್ಟೆತುಂಬ ಊಟ ಬೇಡ. ಆಕಳಿಕೆ, ಬೆವರು, ಕಾಲು ಸೆಳೆತ ಬಂದರೆ ತಕ್ಷಣ ಸಿಸ್ಟರ್‌ಗೆ ಹೇಳಬೇಕು. ಹಿರಿಯರು ಸುಮ್ನೆ ಸಹಿಸಿಕೊಳ್ಳುತ್ತಾರೆ, ಅಲ್ವಾ? ಅದಕ್ಕೇ ಪಕ್ಕದಲ್ಲಿ ಒಬ್ಬರು ಇರಿ.

ಮುಗಿದ ಕೂಡಲೇ ಎಬ್ಬಿಸಬೇಡಿ. ಕಾಲು ಇಳಿಬಿಟ್ಟು ಹತ್ತು ನಿಮಿಷ ಕೂರಲಿ. ನಮ್ಮಪ್ಪ ಅವಸರದಲ್ಲಿ ಎದ್ದು ಲಿಫ್ಟ್ ಬಾಗಿಲಲ್ಲೇ ಬಿದ್ದಿದ್ದರು.

ಬಿಪಿ ತೀರಾ ಇಳಿದರೆ ಫಿಸ್ಟುಲಾದಲ್ಲಿ ರಕ್ತ ಹೆಪ್ಪುಗಟ್ಟಬಹುದು. ದಿನವೂ ಬೆಳಿಗ್ಗೆ ಬೆರಳಿಟ್ಟು ಆ ಝುಂ ಅನ್ನುವ ಕಂಪನ ಇದೆಯೇ ನೋಡಿ. ಅದು ನಿಂತಿದ್ದರೆ, ಎದೆ ನೋವು ಬಂದರೆ, ಮಲಗಲಾಗದಷ್ಟು ಉಬ್ಬಸ ಬಂದರೆ ಮುಂದಿನ ಡಯಾಲಿಸಿಸ್‌ವರೆಗೆ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೊರಡಿ.