ಎನ್‌ಎಂಆರ್ ಹಿಡಿದು ಮನೆ ಮನೆಗೆ: ಸಾಮಾಜಿಕ ಪರಿಶೋಧನೆಯ ನನ್ನ ಅನುಭವ

ನರೇಗಾ ಕೆಲಸಗಳ ಸಾಮಾಜಿಕ ಪರಿಶೋಧನೆಗೆ, ಅಂದರೆ ಕೆಲಸ ಮತ್ತು ಖರ್ಚಿನ ಲೆಕ್ಕವನ್ನು ಊರವರ ಜೊತೆ ತಾಳೆ ನೋಡುವುದಕ್ಕೆ, ನಾನು ಗ್ರಾಮ ಸಂಪನ್ಮೂಲ ವ್ಯಕ್ತಿಯಾಗಿ ಹೋಗುತ್ತಿದ್ದೆ. ನಮ್ಮ ಪಂಚಾಯಿತಿಗೆ ನಮ್ಮನ್ನೇ ಹಾಕುತ್ತಿರಲಿಲ್ಲ, ಬೇರೆ ಕಡೆ ಕಳಿಸುತ್ತಿದ್ದರು. ಅದೇ ಸರಿ. ಸ್ವಂತ ಊರಲ್ಲಿ ನೆಂಟರ ಲೆಕ್ಕ ಕೆದಕೋಕೆ ಯಾರಿಗೆ ಆಗುತ್ತೆ?

2005ರ ನರೇಗಾ ಕಾಯ್ದೆಯ 17ನೇ ಕಲಂ ಪ್ರಕಾರ ಲೆಕ್ಕ ಕೇಳುವುದು ಗ್ರಾಮಸಭೆಯ ಕೆಲಸವಾಗಿತ್ತು. ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ), ಬಿಲ್ಲು, ವೋಚರ್, ಅಳತೆ ಪುಸ್ತಕ ಎಲ್ಲವನ್ನೂ ಪಂಚಾಯಿತಿ ಕೊಡಲೇಬೇಕಿತ್ತು. ಆದರೂ ಮೊದಲ ದಿನ ಸಿಗುವುದು ಚಹಾ ಮಾತ್ರ. ‘ಫೈಲು ಇಂಜಿನಿಯರ್ ಹತ್ರ ಇದೆ’ ಅನ್ನುತ್ತಾರೆ. ನಾನು ವಾದಕ್ಕೆ ಇಳಿಯುತ್ತಿರಲಿಲ್ಲ. ಯಾವ ಕಾಮಗಾರಿಯ ಕಡತ ಸಿಕ್ಕಿಲ್ಲ ಎಂದು ಅಲ್ಲೇ ಬರೆದು ಪಿಡಿಒ ಸಹಿ ಕೇಳುತ್ತಿದ್ದೆ. ಕಡತವಿಲ್ಲದ ಖರ್ಚು ಪೂರ್ತಿ ಆಕ್ಷೇಪಣೆಗೆ ಹೋಗುತ್ತದೆ ಅನ್ನುವುದು ಅವರಿಗೂ ಗೊತ್ತು. ಆಮೇಲೆ ಫೈಲುಗಳು ತಾವಾಗಿಯೇ ಬರುತ್ತಿದ್ದವು.

ಕಾಗದದಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ. ತಪ್ಪು ಸಿಗುವುದು ಮನೆ ಭೇಟಿಯಲ್ಲಿ. ‘ಎಷ್ಟು ದಿನ ಕೆಲಸ ಮಾಡಿದ್ರಿ?’ ಅಂತ ಸುಮ್ನೆ ಕೇಳಿದರೆ ಉತ್ತರ ಬರಲ್ಲ, ಯಾರಿಗೂ ನೆನಪಿರುವುದಿಲ್ಲ. ಜಾತ್ರೆಗೆ ಮೊದಲೋ ಆಮೇಲೋ, ಶೇಂಗಾ ಕಿತ್ತಾಗಿತ್ತೋ ಇಲ್ಲವೋ ಎಂದು ಕೇಳುತ್ತಿದ್ದೆ. ಜಾಬ್ ಕಾರ್ಡ್ ಜೊತೆ ಪಾಸ್‌ಬುಕ್ಕನ್ನೂ ನೋಡುತ್ತಿದ್ದೆ. ಒಂದು ಮನೆಯಲ್ಲಿ ಮಗನ ಹೆಸರಿಗೆ ಹಾಜರಿ ಇತ್ತು. ಆ ವಾರ ಹುಡುಗ ಬೆಂಗಳೂರಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಕೂಲಿ ಅವನ ಖಾತೆಗೇ ಬಿದ್ದಿತ್ತು. ಅದರಲ್ಲಿ ಸ್ವಲ್ಪ ಇವರಿಗೆ ಬಿಟ್ಟು, ಉಳಿದದ್ದನ್ನು ಹೆಸರು ಬರೆಸಿದವನು ಇಸ್ಕೊಂಡಿದ್ದ. ‘ಬರೀಬ್ಯಾಡಪ್ಪ, ನಾಳೆ ನಮಗ ಕೆಲಸಾನೇ ಕೊಡಂಗಿಲ್ಲ’ ಎಂದಳು ತಾಯಿ.

ಇಲ್ಲಿ ನನ್ನ ನಿಲುವು ಒಂದೇ. ಬರೆಯದೆ ಬಿಡಬಾರದು, ಆದರೆ ಬೊಟ್ಟು ಮಾಡಬೇಕಾದ್ದು ಆ ಮನೆಯ ಕಡೆಗಲ್ಲ. ಹಾಜರಿ ಹಾಕಿದವರು ಯಾರು, ಅಳತೆ ದೃಢೀಕರಿಸಿದವರು ಯಾರು, ಹಣ ಪಾವತಿಗೆ ಸಹಿ ಮಾಡಿದವರು ಯಾರು? ವರದಿಯಲ್ಲಿ ಈ ಮೂವರು ಮೊದಲು ಬರಬೇಕು. ವಸೂಲಿ ಶಿಫಾರಸೂ ಅವರ ಮೇಲೆಯೇ ಆಗಬೇಕು.

ಕೃಷಿ ಹೊಂಡದ್ದು ಬೇರೆ ರಗಳೆ. ಆಳ ಕಡಿಮೆ ಬಂತು ಅಂದರೆ ‘ಮಳೆಗೆ ಹೂಳು ತುಂಬಿದೆ ಸಾರ್’ ಎನ್ನುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು. ಅದಕ್ಕೇ ನಾನು ಉದ್ದ, ಅಗಲ ಮೊದಲು ಹಿಡಿಯುತ್ತಿದ್ದೆ. ಹೂಳು ಆಳ ತಿನ್ನುತ್ತದೆ, ಅಗಲವನ್ನಲ್ಲ.

ಕೊನೆಗೆ ಗ್ರಾಮಸಭೆ. 1994ರಲ್ಲಿ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಜನಸುನವಾಯಿಗಳಲ್ಲಿ (ಊರವರ ಬಹಿರಂಗ ವಿಚಾರಣೆ ಸಭೆಗಳಲ್ಲಿ) ಮಾಡಿದ್ದೂ ಇದನ್ನೇ: ಹಾಜರಿ ಪಟ್ಟಿ, ಬಿಲ್ಲುಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದುವುದು. ಒಟ್ಟು ಮೊತ್ತ ಓದಿದರೆ ಜನ ಆಕಳಿಸುತ್ತಾರೆ. ಹೆಸರು ಓದಿದರೆ ಹಿಂದಿನಿಂದ ‘ಅವನು ಊರಾಗೇ ಇರಲಿಲ್ಲ’ ಎಂದು ಒಂದು ದನಿ ಬರುತ್ತದೆ. ಆಮೇಲೆ ಗಲಾಟೆ ಜಾಸ್ತಿ. ಹಾಗಾಗಿ ಓದುವ ಮೊದಲೇ ನಡಾವಳಿ ಪುಸ್ತಕ ಸಭೆಯ ಉಸ್ತುವಾರಿಗೆ ಬಂದ ನೋಡಲ್ ಅಧಿಕಾರಿಯ ಮುಂದೆ ತೆರೆದಿರಬೇಕು. ಮಾತು ಬಂದ ಹಾಗೇ ದಾಖಲಾಗಬೇಕು, ‘ಚರ್ಚಿಸಲಾಯಿತು’ ಎಂದು ಬರೆಯಲು ಬಿಡಬಾರದು.

ವಸೂಲಿ ತುಂಬ ನಿಧಾನ. ಮುಂದಿನ ಸುತ್ತಿಗೆ ಹೋದಾಗ ಹೊಸ ಫೈಲು ಮುಟ್ಟುವ ಮೊದಲು ನಾನು ಹಳೇ ವರದಿಯ ಅನುಪಾಲನೆ, ಅಂದರೆ ಅದರ ಮೇಲೆ ಏನು ಕ್ರಮ ಆಯಿತು ಎಂದು ಕೇಳುತ್ತಿದ್ದೆ. ಕಟ್ಟಿದ ಹಣದ ಚಲನ್ ತೋರಿಸಿದರೆ ಆ ಕಂಡಿಕೆ (ವರದಿಯ ಆಕ್ಷೇಪಣೆ) ಮುಗಿಯಿತು. ಇಲ್ಲದಿದ್ದರೆ ಅದು ಹೊಸ ವರದಿಯಲ್ಲಿ ಮತ್ತೆ ಒಂದನೇ ಕಂಡಿಕೆ.