ಎರೆಮಣ್ಣಿನ ಹಿತ್ತಲನ್ನು ಬೇಸಿಗೆಗೆ ಅಣಿಗೊಳಿಸಿದ ಬಗೆ

ಕಲಬುರಗಿಯಲ್ಲಿ ಹಿತ್ತಲನ್ನು ಬೇಸಿಗೆಗೆ ಅಣಿಗೊಳಿಸುವ ಕೆಲಸ ಮಹಾಶಿವರಾತ್ರಿಯ ಆಸುಪಾಸಿನಲ್ಲಿಯೇ ಮುಗಿಯಬೇಕು. ಹೋಳಿಯ ನಂತರ ಶರಣಬಸವೇಶ್ವರರ ರಥೋತ್ಸವ ನಡೆಯುವ ಹೊತ್ತಿಗೆ ಮಧ್ಯಾಹ್ನದ ಬಿಸಿಲು ಎಲೆಗಳನ್ನು ಬಾಡಿಸತೊಡಗಿರುತ್ತದೆ. ಏಪ್ರಿಲ್ ಕೊನೆಯಿಂದ ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಇಲ್ಲಿ ಯಾರಿಗೂ ಹೊಸದಲ್ಲ. ಆ ಕಾಲದಲ್ಲಿ ಮಣ್ಣನ್ನು ಅಗೆಯುವುದಾಗಲಿ, ಬೇರನ್ನು ಮುಟ್ಟುವುದಾಗಲಿ, ಟೊಂಗೆ ಕತ್ತರಿಸುವುದಾಗಲಿ ಗಿಡಕ್ಕೆ ಅಪಕಾರವೇ ಸರಿ. ನಮ್ಮ ಹಿತ್ತಲು ದೊಡ್ಡದೇನಲ್ಲ. ನಿಂಬೆ, ಕರಿಬೇವು, ನುಗ್ಗೆ, ದಾಸವಾಳ, ಮಲ್ಲಿಗೆ, ಮೂಲೆಯಲ್ಲೊಂದು ಬೇವು, ಪಡುವಣ ಗೋಡೆಯ ಬದಿಗೆ ಒಂದಿಷ್ಟು ತರಕಾರಿ ಮಡಿಗಳು, ಇಷ್ಟೇ. ಬೇಸಿಗೆಯಲ್ಲಿ ಗಿಡಗಳಿಗೆ ನೀರು ಸಾಲದು ಎಂಬ ಮಾತು ನಮ್ಮ ಓಣಿಯಲ್ಲಿ ಪ್ರತಿ ವರ್ಷವೂ ಕೇಳಿಬರುತ್ತದೆ. ಹಾಗೆನ್ನುವ ಮೊದಲು, ಹಾಕಿದ ನೀರು ಎಲ್ಲಿಗೆ ಹೋಯಿತು ಎಂದು ನೋಡಬೇಕೆನ್ನುವುದು ನನ್ನ ಅಭಿಪ್ರಾಯ. ಹಿತ್ತಲಿನಲ್ಲಿ ನಾನು ಮಾಡಿದ ಕೆಲಸವೆಲ್ಲ ಆ ಪ್ರಶ್ನೆಯ ಬೆನ್ನು ಹತ್ತಿಯೇ ನಡೆದದ್ದು.

ನಮ್ಮದು ಎರೆಮಣ್ಣು, ಅಂದರೆ ಕಪ್ಪು ಜೇಡಿಮಣ್ಣು. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗುವುದು ಇದರ ಸ್ವಭಾವ. ಹಾಗೆಯೇ ಬಿಟ್ಟರೆ ಚಳಿಗಾಲ ಮುಗಿಯುತ್ತಿದ್ದಂತೆ ಸಣ್ಣಗೆ ಬಿರಿಯತೊಡಗುವ ನೆಲದಲ್ಲಿ ಏಪ್ರಿಲ್ ವೇಳೆಗೆ ಬೆರಳುಗಳು ಸಲೀಸಾಗಿ ಇಳಿಯುವಷ್ಟು ಅಗಲದ ಬಿರುಕುಗಳು ಬಾಯಿ ತೆರೆದಿರುತ್ತವೆ. ಪೈಪು ಹಿಡಿದು ಬಿಟ್ಟ ನೀರು ಆ ಬಿರುಕಿನಲ್ಲಿ ಗಟಗಟನೆ ಇಳಿದು ಬೇರಿನ ಆಸರೆಯನ್ನು ದಾಟಿ ಹೋಗುತ್ತದೆ. ಬಿಸಿಗಾಳಿ ಅದೇ ದಾರಿಯಲ್ಲಿ ಒಳಹೊಕ್ಕು ಆಳದ ತೇವವನ್ನೂ ಆರಿಸುತ್ತದೆ. ಮಣ್ಣು ಸೀಳುವಾಗ ಎಳೆಯ ಬೇರುಗಳು ಹರಿಯುತ್ತವೆ. ಹಿಂಗಾರಿ ಜೋಳದ ಹೊಲದಲ್ಲಿ ನಮ್ಮ ಹಿರಿಯರು ಸಾಲುಗಳ ನಡುವೆ ಎಡೆಕುಂಟಿ ಹೊಡೆಯುತ್ತಿದ್ದುದು ಕಸ ತೆಗೆಯುವುದಕ್ಕಷ್ಟೇ ಆಗಿರಲಿಲ್ಲ. ಮೇಲಿನ ಮಣ್ಣು ಪುಡಿಯಾಗಿ ಬಿರುಕು ಮುಚ್ಚಲಿ, ಕೆಳಗಿನ ಹಸಿ ಉಳಿಯಲಿ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು. ಆ ಪದ್ಧತಿಯನ್ನೇ ನಾನು ಕುರ್ಪಿ ಹಿಡಿದು ಹಿತ್ತಲಿಗೆ ತಂದೆ. ಎರಡು ಅಂಗುಲಕ್ಕಿಂತ ಆಳಕ್ಕೆ ಹೋಗಬಾರದು, ಏಕೆಂದರೆ ನಿಂಬೆ ಮತ್ತು ಮಲ್ಲಿಗೆಯ ಆಹಾರ ಹೀರುವ ಬೇರುಗಳು ಮೇಲುಮೇಲಿನಲ್ಲಿಯೇ ಹರಡಿರುತ್ತವೆ. ಎರೆಯಲ್ಲಿ ಹದ ಸಿಗುವ ಅವಧಿಯೂ ಕಿರಿದು. ನೀರು ಹಾಕಿದ ಮರುದಿನ ಮಣ್ಣು ಕುರ್ಪಿಗೆ ಮೆತ್ತಿಕೊಳ್ಳುತ್ತದೆ, ತಡಮಾಡಿದರೆ ಹೆಂಟೆಯಾಗಿ ಏಳುತ್ತದೆ. ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಒತ್ತಿದಾಗ ಉಂಡೆಯಾಗಿ, ಹೆಬ್ಬೆರಳು ತಾಗಿಸಿದೊಡನೆ ಉದುರಿದರೆ ಅದೇ ಹದ. ಆಗ ಕೆದಕಿದ ಮಣ್ಣು ರವೆಯಂತೆ ಬಿಡಿಬಿಡಿಯಾಗಿ ಬಿರುಕುಗಳೊಳಗೆ ತಾನಾಗಿಯೇ ಇಳಿಯುತ್ತದೆ.

ಎರಡನೆಯ ಕೆಲಸ ಕಲ್ಲಿನದು. ಶಹಾಬಾದ್ ಕಲ್ಲು ನಮ್ಮ ಜಿಲ್ಲೆಯದೇ ಆದ್ದರಿಂದ ಪಡಸಾಲೆಯಿಂದ ಹಿಡಿದು ಹಿತ್ತಲಿನ ಕಡೆಯ ಗೋಡೆಯವರೆಗೆ ಅದನ್ನೇ ಹಾಸುವುದು ಇಲ್ಲಿನ ವಾಡಿಕೆ. ಮನೆಯೊಳಗೆ ಕಾಲಿಗೆ ತಂಪೆನಿಸುವ ಈ ಸುಣ್ಣಕಲ್ಲಿನ ಫರ್ಸಿ ಬಯಲಿನಲ್ಲಿ ಇಡೀ ಹಗಲು ಕಾದು, ಹೊತ್ತು ಮುಳುಗಿದ ಮೇಲೂ ಬಹಳ ಹೊತ್ತು ಝಳ ಬಿಡುತ್ತಿರುತ್ತದೆ. ನಮ್ಮ ನಿಂಬೆಗಿಡದಲ್ಲಿ ಅದರ ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು: ಫರ್ಸಿಯ ಕಡೆಗೆ ಬಾಗಿದ ಟೊಂಗೆಗಳ ಎಲೆಯಂಚು ಕಂದಿ ಸುರುಟಿಕೊಂಡಿದ್ದವು, ಆಚೆ ಬದಿಯ ಎಲೆಗಳು ಹಸಿರಾಗಿಯೇ ಇದ್ದವು. ಆದ್ದರಿಂದ ಪ್ರತಿ ಗಿಡದ ಬುಡದಿಂದ ಸುಮಾರು ಮೂರು ಅಡಿಯವರೆಗಿನ ಹಾಸುಗಲ್ಲುಗಳನ್ನು ಎಬ್ಬಿಸಿದೆ. ಎಬ್ಬಿಸುವಾಗ ಕಲ್ಲಿನಡಿಗೆ ಕೈ ಹಾಕಲೇಬಾರದು. ಹಾರೆಯಿಂದ ಮೀಟಿ, ತೆರೆಯುವ ಅಂಚು ನಮ್ಮಿಂದ ಆಚೆ ಇರುವಂತೆ ನೋಡಿಕೊಳ್ಳಬೇಕು. ತಂಪು ಹುಡುಕಿಕೊಂಡು ಚೇಳುಗಳು ಸೇರುವ ಜಾಗ ಅದೇ, ಒಂದೆರಡು ಕಲ್ಲಿನಡಿಯಲ್ಲಿ ಕಂಡವು ಕೂಡ. ಕಲ್ಲಿನ ಕೆಳಗೆ ಹಿಂದೆ ಹಾಕಿದ್ದ ಮೊರಂ (ಗರಸು ಮಣ್ಣು) ಮತ್ತು ಸುಣ್ಣ ಸೇರಿ ಗಟ್ಟಿ ಹೆಪ್ಪಾಗಿತ್ತು. ಅದನ್ನು ಒಡೆದು ತೆಗೆದು, ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣು ತುಂಬಿ ಅಗಲವಾದ ಪಾತಿ ಮಾಡಿದೆ. ತೆಗೆದ ಕಲ್ಲುಗಳು ಬೇವಿನ ನೆರಳಿಗೆ ಹೋಗಿ ಪಾತ್ರೆ ತೊಳೆಯುವ ಕಟ್ಟೆಯಾದವು.

ಪಾತಿಗೆ ಹೊದಿಕೆ ಬೇಕು. ಹಸಿ ನೆಲವನ್ನು ಬರಿದಾಗಿ ಬಿಟ್ಟರೆ ಹಿಂದಿನ ಕೆಲಸವೆಲ್ಲ ಅರ್ಧಕ್ಕರ್ಧ ವ್ಯರ್ಥ. ತೊಗರಿ ರಾಶಿ ಮುಗಿದು ಕಣ ಖಾಲಿಯಾಗುವ ಕಾಲಕ್ಕೆ ಹಳ್ಳಿಯಿಂದ ಹೊಟ್ಟು, ಒಣ ಎಲೆ, ಕಟ್ಟಿಗೆ ಮೂರನ್ನೂ ತರಿಸಬಹುದು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ದೊರೆತದ್ದು ಬೇಳೆಯ ರುಚಿಗಾಗಿ ಇರಬಹುದು, ಆದರೆ ಹಿತ್ತಲು ಮಾಡುವವರಿಗೆ ಅದರ ಹೊಟ್ಟೂ ಬೇಳೆಯಷ್ಟೇ ಬೆಲೆಯುಳ್ಳದ್ದು. ಹೊಟ್ಟಿಗೆ ದನಗಳ ಗಿರಾಕಿ ಇರುವುದರಿಂದ ರಾಶಿಯ ಸಮಯದಲ್ಲಿಯೇ ಹೇಳಿಟ್ಟುಕೊಳ್ಳುವುದು ಲೇಸು. ಕೆದಕಿದ ಮಣ್ಣಿನ ಮೇಲೆ ನಾಲ್ಕು ಅಂಗುಲ ದಪ್ಪ ಹರಡಿ, ಗಾಳಿಗೆ ಹಾರದಂತೆ ಮೇಲೆ ಜೋಳದ ಕಣಿಕೆ ಅಡ್ಡ ಹಾಕಿದೆ. ಕಾಂಡದ ಸುತ್ತ ಒಂದು ಗೇಣು ಜಾಗ ಬರಿದಾಗಿರಲೇಬೇಕು. ಹೊದಿಕೆ ಕಾಂಡಕ್ಕೆ ತಾಗಿದರೆ ಗೆದ್ದಲಿಗೆ ನಾವೇ ಏಣಿ ಇಟ್ಟಂತಾಗುತ್ತದೆ.

ನೀರಿಗಾಗಿ ನಾನು ನೆಚ್ಚಿಕೊಂಡದ್ದು ಮಡಕೆಯನ್ನು. ಬೇಸಿಗೆ ಬರುವ ಮುನ್ನ ಕುಂಬಾರರಲ್ಲಿ ಸಿಗುವ, ಮೆರುಗು ಹಚ್ಚದ, ಸುಮಾರು ಎಂಟು ಲೀಟರ್ ಹಿಡಿಯುವ ಮಡಕೆಗಳನ್ನು ಗಿಡದ ಬುಡದಿಂದ ಒಂದು ಮೊಳ ದೂರದಲ್ಲಿ, ಕಂಠ ಮಾತ್ರ ಮೇಲೆ ಕಾಣುವಂತೆ ಹೂತೆ. ಸುತ್ತಲಿನ ಮಣ್ಣು ಒಣಗಿದಷ್ಟೂ ಮಡಕೆಯ ಮೈಯಿಂದ ನೀರು ಜಿನುಗುತ್ತದೆ. ಮಣ್ಣು ಹಸಿಯಾಗಿದ್ದರೆ ಜಿನುಗುವುದೂ ನಿಧಾನವಾಗುತ್ತದೆ. ಮೇಲೆ ಮುಚ್ಚಳ ಇಲ್ಲದಿದ್ದರೆ ಸೊಳ್ಳೆ ಬೆಳೆಸಿದಂತೆ. ಹೂಳುವಾಗ ಸುತ್ತ ಬರೀ ಎರೆಮಣ್ಣು ತುಂಬದೆ ಸ್ವಲ್ಪ ಮರಳು ಮತ್ತು ಗೊಬ್ಬರ ಬೆರೆಸಿದ ಮಣ್ಣನ್ನು ಚೆನ್ನಾಗಿ ಒತ್ತಿ ತುಂಬಿದೆ, ಇಲ್ಲವಾದರೆ ಮಣ್ಣು ಕುಗ್ಗಿದಾಗ ಮಡಕೆಗೂ ಅದಕ್ಕೂ ಸಂದು ಬಿದ್ದು ಜಿನುಗಿದ ನೀರು ಬೇರಿಗೆ ತಲುಪುವುದಿಲ್ಲ. ನಮ್ಮ ಬೋರಿನ ನೀರು ಸವಳು. ಅದನ್ನು ಹಾಕಿದ ಕಡೆ ನೆಲದ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ, ಮಡಕೆಯ ಸೂಕ್ಷ್ಮ ರಂಧ್ರಗಳನ್ನೂ ಅದೇ ಉಪ್ಪು ಮುಚ್ಚುತ್ತದೆ. ಹೀಗಾಗಿ ನಳದ ನೀರು ಬಂದ ದಿನ ತುಂಬಿಟ್ಟುಕೊಂಡದ್ದನ್ನು ಮತ್ತು ಅಕ್ಕಿ, ಬೇಳೆ ತೊಳೆದ ನೀರನ್ನು ಮಡಕೆಗೂ ಪಾತಿಗೂ ಬಳಸಿ, ಬೋರಿನ ನೀರನ್ನು ಬೇವಿಗೆ ಬಿಟ್ಟೆ. ನೀರು ಶುದ್ಧೀಕರಿಸುವ ಯಂತ್ರ ಹೊರಚೆಲ್ಲುವ ನೀರನ್ನು ಗಿಡಕ್ಕೆ ಹಾಕುವವರಿದ್ದಾರೆ. ನಮ್ಮಂಥ ಸವಳು ನೀರಿನ ಊರಿನಲ್ಲಿ ಅದು ಉಪ್ಪನ್ನು ಸಾಂದ್ರಗೊಳಿಸಿ ಬಡಿಸಿದಂತೆಯೇ. ಮಡಕೆ ಇಲ್ಲದ ಗಿಡಗಳಿಗೆ ಬೆಳಗಿನ ಜಾವ ನಿಧಾನವಾಗಿ, ಆಳಕ್ಕೆ ಇಳಿಯುವಂತೆ ಹಾಕಿ, ಕೆಲವು ದಿನ ಬಿಡುವು ಕೊಡುವುದು ದಿನವೂ ಮೇಲ್ಮೈ ಒದ್ದೆ ಮಾಡುವುದಕ್ಕಿಂತ ಮೇಲು. ಒಂದು ತೆಳು ಸಲಾಕೆಯನ್ನು ಚುಚ್ಚಿ ನೋಡಿದರೆ ತೇವ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಅದು ಸರಾಗವಾಗಿ ಇಳಿಯುತ್ತದೆ.

ನೆರಳಿನ ವಿಷಯದಲ್ಲಿ ಎಲ್ಲರ ಕಣ್ಣೂ ನೆತ್ತಿಯ ಬಿಸಿಲಿನ ಮೇಲೆಯೇ ಇರುತ್ತದೆ, ಆದರೆ ಇಲ್ಲಿ ಗಿಡವನ್ನು ಸುಡುವುದು ಮಧ್ಯಾಹ್ನ ಎರಡರಿಂದ ಐದರವರೆಗಿನ ಪಡುವಣ ಬಿಸಿಲು, ಜೊತೆಗೆ ಆ ಹೊತ್ತಿಗೆ ಕಾದುಹೋದ ಗೋಡೆ. ಗೋಡೆಗೆ ತೊಗರಿ ಕಟ್ಟಿಗೆಯ ತಟ್ಟಿ ಹೆಣೆದು, ನಡುವೆ ಅರ್ಧ ಅಡಿ ಗಾಳಿಗೆ ಬಿಟ್ಟು ನಿಲ್ಲಿಸಿದೆ. ಮಡಿಗಳ ಮೇಲೆ ಮಾತ್ರ ಅರ್ಧ ಬಿಸಿಲನ್ನು ತಡೆಯುವ, ಶೇಕಡಾ 50ರ ಹಸಿರು ನೆರಳು ಪರದೆ, ಅದೂ ಏಳು ಅಡಿ ಎತ್ತರದಲ್ಲಿ. ಗಿಡದ ತಲೆಗೆ ತಾಗುವಂತೆ ಕಟ್ಟಿದ ಪರದೆ ಝಳವನ್ನು ಅಡಿಯಲ್ಲಿಯೇ ಹಿಡಿದಿಡುತ್ತದೆ. ಒಂದು ಅಂಚನ್ನು ಸುಲಭವಾಗಿ ಬಿಚ್ಚಬಹುದಾದ ಗಂಟಿನಿಂದ ಕಟ್ಟುವುದು ಅಗತ್ಯ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ದಿಢೀರನೆ ಬೀಸುವ ಬಿರುಗಾಳಿ ಮತ್ತು ಆಲಿಕಲ್ಲು ಬಿಗಿದು ಕಟ್ಟಿದ ಪರದೆಯನ್ನು ಕಂಬಸಮೇತ ಕೆಡವುತ್ತವೆ. ನಿಂಬೆಯ ಕಾಂಡಕ್ಕೆ ಸುಣ್ಣ ಬಳಿದದ್ದೂ ಇದೇ ಪಡುವಣ ಬಿಸಿಲಿಗೆ ತೊಗಟೆ ಸೀಳಬಾರದೆಂದು.

ತರಕಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೆಂತ್ಯ, ಪಾಲಕ್ ಆಸೆ ಬಿಟ್ಟು ಚವಳಿಕಾಯಿ, ಬೆಂಡೆ, ಪುಂಡಿ, ರಾಜಗಿರಿಗಳನ್ನು ಫೆಬ್ರವರಿಯಲ್ಲಿಯೇ ಬಿತ್ತಿದರೆ ಮೇ ತಿಂಗಳಲ್ಲಿಯೂ ಅಡುಗೆಮನೆಗೆ ಏನಾದರೂ ಸಿಗುತ್ತದೆ. ಟೊಮೆಟೊ ಗಿಡ ಬದುಕಿದರೂ ಆ ಸೆಕೆಯಲ್ಲಿ ಹೂ ಉದುರಿಸುತ್ತದೆ, ಅದಕ್ಕೆ ನೀರು ಸುರಿದು ಫಲವಿಲ್ಲ. ಯೂರಿಯಾ ಹಾಕಿ ಎಳೆ ಚಿಗುರು ಬರಿಸುವುದನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಬೇಕು.

ಜೂನ್ ತಿಂಗಳ ಮಿರಗದ (ಮೃಗಶಿರಾ) ಮಳೆ ಒಂದೆರಡು ಸಲ ಚೆನ್ನಾಗಿ ಬಿದ್ದ ಮೇಲೆ ಪರದೆಯನ್ನು ಇಳಿಸಿ, ತೊಳೆದು, ಬಿಸಿಲು ತಾಗದ ಕಡೆ ಮಡಿಚಿಡುತ್ತೇನೆ. ಅರೆಕೊಳೆತ ಹೊಟ್ಟನ್ನು ಅಲ್ಲಿಯೇ ಮಣ್ಣಿಗೆ ಸೇರಿಸುತ್ತೇನೆ. ಮಡಕೆಗಳನ್ನಂತೂ ಮೊದಲ ಮಳೆಗೇ ಕಿತ್ತು, ತೆಂಗಿನ ನಾರಿನಿಂದ ಉಪ್ಪಿನ ಪೊರೆ ಉಜ್ಜಿ, ಬೋರಲಾಗಿ ಇಡುತ್ತೇನೆ. ಎರೆಮಣ್ಣು ನೀರು ಕುಡಿದು ಉಬ್ಬುವಾಗ ನೆಲದೊಳಗಿನ ಖಾಲಿ ಮಡಕೆ ಆ ಒತ್ತಡಕ್ಕೆ ಸೀಳು ಬಿಡುವ ಸಂಭವ ಇದ್ದೇ ಇರುತ್ತದೆ.