ರವಿವಾರ ರಾತ್ರಿಯ ಸಿನಿಮಾ

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆಯ ಮೇಲಿನ ನಾಲ್ಕು ಖೋಲಿಗಳನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಬಾಡಿಗೆ ಕೊಟ್ಟಿದ್ದೇನೆ. ಎಫ್‌ಡಿಎ, ಪಿಎಸ್‌ಐ ಆಗಬೇಕೆಂದು ಗದಗ, ಹಾವೇರಿ ಕಡೆಯಿಂದ ಬಂದ ಇವರು ವಾರವಿಡೀ ಕೋಚಿಂಗು, ಲೈಬ್ರರಿ ಎಂದು ಸೊರಗುವುದನ್ನು ನೋಡಲಾಗದೆ, ರವಿವಾರ ರಾತ್ರಿ ಊಟವಾದ ಮೇಲೆ ಪಡಸಾಲೆಯ ಟಿ.ವಿ.ಯಲ್ಲಿ ಒಂದು ಸಿನಿಮಾ ತೋರಿಸುವ ರೂಢಿ ಹಾಕಿಕೊಂಡೆ.

ಮೊದಮೊದಲು ಸೋತವನು ಗೆಲ್ಲುವ ಕಥೆಗಳನ್ನೇ ಆರಿಸುತ್ತಿದ್ದೆ. ಸಾಲದೆಂಬಂತೆ, ಅದರಿಂದ ಕಲಿಯಬೇಕಾದದ್ದೇನು ಎಂದು ಶುರುವಿನಲ್ಲೇ ಹತ್ತು ನಿಮಿಷ ಕೊರೆಯುತ್ತಿದ್ದೆ. ಸೋಮವಾರ ನಸುಕಿಗೇ ಎಲ್ಲ ಖೋಲಿಗಳಲ್ಲೂ ದೀಪ ಹತ್ತುತ್ತಿತ್ತು. ಬುಧವಾರದ ಹೊತ್ತಿಗೆ ಮತ್ತೆ ಹಳೆಯ ಪಾಡು.

ಒಂದು ಮಳೆಗಾಲದ ರಾತ್ರಿ ವಿತ್ತೋರಿಯೊ ಡಿ ಸಿಕಾ ಅವರ 1948ರ ‘ಬೈಸಿಕಲ್ ಥೀವ್ಸ್’ ಹಚ್ಚಿದೆ. ಕಪ್ಪು-ಬಿಳುಪು, ಅದರಲ್ಲೂ ಇಟಾಲಿಯನ್. ಹುಡುಗರು ಎದ್ದು ಹೋಗುತ್ತಾರೆಂದೇ ಎಣಿಸಿದ್ದೆ. ಯುದ್ಧ ಮುಗಿದ ರೋಮ್ ನಗರದಲ್ಲಿ, ಗೋಡೆಗೆ ಪೋಸ್ಟರ್ ಅಂಟಿಸುವ ನೌಕರಿ ಸಿಕ್ಕವನಿಗೆ ಸೈಕಲ್ಲು ಬೇಕು, ಸೈಕಲ್ಲು ಒತ್ತೆಯಲ್ಲಿದೆ. ಅದನ್ನು ಬಿಡಿಸಲು ಹೆಂಡತಿ ಹಾಸಿಗೆಯ ಚಾದರುಗಳನ್ನೇ ಒತ್ತೆಯಿಡುತ್ತಾಳೆ. ಆ ಗಂಟನ್ನು ಹೊತ್ತ ಆಳು ಎತ್ತರದ ಕಪಾಟನ್ನು ಹತ್ತತೊಡಗುತ್ತಾನೆ, ಹತ್ತುತ್ತಲೇ ಇರುತ್ತಾನೆ; ಅಲ್ಲಿ ಅಂಥವೇ ಗಂಟುಗಳು ಸಾಲುಸಾಲಾಗಿ ಪೇರಿಸಿವೆ. ಆ ರಾತ್ರಿ ನಾನು ಉಪದೇಶ ಮಾಡಲಿಲ್ಲ. ಜ್ಞಾನೋದಯವಾಗಿತ್ತೆಂದಲ್ಲ, ನೆಗಡಿಯಿಂದ ಗಂಟಲು ಕಟ್ಟಿತ್ತು. ಮರುದಿನ ಚಹಾ ಕುಡಿಯುತ್ತಿದ್ದಾಗ ಹಾವೇರಿ ಕಡೆಯ ಹುಡುಗನೊಬ್ಬ ತಾನಾಗಿಯೇ, “ಕಾಕಾ, ನಮ್ಮವ್ವನ ಕಿವಿ ಬೆಂಡೋಲಿನೂ ಹಿಂಗ ಎಲ್ಲೋ ಗಂಟಿನ್ಯಾಗ ಕುಂತಾವರಿ” ಎಂದ. ಕೋಚಿಂಗ್ ಫೀ ಎಲ್ಲಿಂದ ಬಂದಿತ್ತೆಂಬುದು ನನಗೆ ತಿಳಿದದ್ದು ಆಗಲೇ. ಅಂದಿನಿಂದ ಸಿನಿಮಾಕ್ಕೆ ಮುಂಚೆಯೂ ಮಾತಿಲ್ಲ, ಮುಗಿದ ಮೇಲೆಯೂ ಪ್ರಶ್ನೆಯಿಲ್ಲ. ಚಹಾದ ಹೊತ್ತಿಗೆ ಯಾರಾದರೂ ಮಾತು ತೆಗೆದರೆ ಕೇಳುತ್ತೇನೆ.

ಆದರೂ ತಪ್ಪಿದೆ. ಗುಮಾಸ್ತರಾಗಲಿರುವವರು ನೋಡಲೇಬೇಕಾದದ್ದೆಂದು ‘ತಬರನ ಕಥೆ’ಯನ್ನು ತೋರಿಸಿದೆ. ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಗಿರೀಶ ಕಾಸರವಳ್ಳಿಯವರು ತೆಗೆದ, 1986ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಸಿನಿಮಾ ಅದು. ಮಧುಮೇಹದಿಂದ ಹೆಂಡತಿಯ ಕಾಲು ಕೊಳೆಯುತ್ತಿದ್ದರೂ ತಬರನ ಪಿಂಚಣಿ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ; ಆ ಪಾತ್ರದಲ್ಲಿ ಚಾರುಹಾಸನ್ ಅವರ ಬಗ್ಗಿದ ನಡಿಗೆಯೇ ಒಂದು ಅರ್ಜಿಯಂತಿದೆ. ಅರ್ಧಕ್ಕೆ ಗದಗ ಕಡೆಯ ಹುಡುಗ ಎದ್ದು ಮೇಲೆ ಹೋದ. ಅವನ ತಂದೆ ನಿವೃತ್ತರಾಗಿ ಎರಡು ವರ್ಷವಾದರೂ ಕಾಗದಪತ್ರ ಇತ್ಯರ್ಥವಾಗಿರಲಿಲ್ಲ ಎಂಬುದನ್ನು ಉಳಿದವರು ಆಮೇಲೆ ಹೇಳಿದರು. ಹೀಗಾಗಿ ಈಗ ಯಾರಾದರೂ ಒಳ್ಳೆಯ ಸಿನಿಮಾ ಹೇಳಿರೆಂದರೆ ಮೊದಲು ಮನೆಯ ಕಡೆ ಹೇಗಿದೆ ಎಂದು ವಿಚಾರಿಸುತ್ತೇನೆ. ಅವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಆ ಹುಡುಗ ಮೂರು ವಾರ ಪಡಸಾಲೆಗೆ ಇಳಿಯಲಿಲ್ಲ. ನಾಲ್ಕನೆಯ ವಾರ ಬಾಡಿಗೆ ಕೊಡಲು ಬಂದವನು ನೋಟುಗಳನ್ನು ಎಣಿಸುತ್ತಲೇ, ತಲೆ ಎತ್ತದೆ, “ಕಾಕಾ, ಆ ತಬರಗ ಪಿಂಚಣಿ ಕಡೀಕ ಬಂತೇನ್ರಿ?” ಎಂದು ಕೇಳಿದ. ನಾನು ಹೇಳಲಿಲ್ಲ. ರವಿವಾರ ಅದನ್ನೇ ಮತ್ತೆ ಹಚ್ಚಿದೆ. ಆ ರಾತ್ರಿ ನಾವಿಬ್ಬರೇ ಇದ್ದೆವು.